ಸಂಜೆಯೊಳಗೆ ಕೂಲಿ

ಈಚೆಗೆ ಬೆಂಗಳೂರಿನ ಮಿಷನ್ ರೋಡ್ ಹತ್ತಿರ ಒಂದು ಸಭೆಯಲ್ಲಿ ಕ್ರೈಸ್ತ ನಂಬಿಕೆ ಮತ್ತು ವ್ಯಾಪಾರದ ಬಗ್ಗೆ ಮಾತಾಡಿದ್ದೆ. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಆದಷ್ಟು ಮಾತಾಡಿದ ಹಾಗೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಪಾದ್ರಿ ಅಲ್ಲ, ದೇವಶಾಸ್ತ್ರದ ಮೇಷ್ಟ್ರೂ ಅಲ್ಲ. ಪೀಣ್ಯದಲ್ಲಿ 26 ವರ್ಷ ಒಂದು ಸಣ್ಣ ಮೆಷಿನ್ ಶಾಪ್ ನಡೆಸಿದವನು. ನಾಲ್ಕು ಲೇತ್, ಎರಡು ಮಿಲ್ಲಿಂಗ್ ಮೆಷಿನ್, ಹನ್ನೊಂದು ಜನ ಕೆಲಸಗಾರರು. ಭಾನುವಾರ ಚರ್ಚಿನಲ್ಲಿ ಬೈಬಲ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ಸೋಮವಾರದಿಂದ ಶನಿವಾರದವರೆಗಿನ ನನಗೂ ಭಾನುವಾರದ ನನಗೂ ಎಷ್ಟು ದೂರ ಇತ್ತು ಅಂತ ಗೊತ್ತಾದ ದಿನದಿಂದಲೇ ಶುರು ಮಾಡುತ್ತೇನೆ.

14 ವರ್ಷದ ಹಿಂದಿನ ಮಾತು. ಒಂದು ದೊಡ್ಡ ಕಂಪನಿಗೆ ಬುಷ್ ಅನ್ನೋ ಯಂತ್ರದ ಬಿಡಿಭಾಗ ಮಾಡಿ ಕೊಡುತ್ತಿದ್ದೆವು. ಮಾಲು ಹೋಯಿತು, ಬಿಲ್ಲೂ ಹೋಯಿತು, ದುಡ್ಡು ಮಾತ್ರ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಹೀಗೇ ಏಳು ತಿಂಗಳು. ಫೋನ್ ಮಾಡಿದರೆ "ಮುಂದಿನ ವಾರ ನೋಡೋಣ" ಅನ್ನುತ್ತಿದ್ದರು. ಆ ತಡವನ್ನು ನಾನೇನು ಮಾಡಿದೆ? ಹಾಗೇ ಕೆಳಕ್ಕೆ ದಾಟಿಸಿದೆ. ನಮ್ಮ ಶಾಪಿನ ಬಟವಾಡೆ ಏಳನೇ ತಾರೀಕಿಂದ ಹತ್ತಕ್ಕೆ ಹೋಯಿತು, ಹತ್ತರಿಂದ ಹದಿನೆಂಟಕ್ಕೆ, ಒಂದು ತಿಂಗಳು ಇಪ್ಪತ್ತೇಳಕ್ಕೆ.

ಆ ತಿಂಗಳು ನಮ್ಮ ಲೇತ್ ಆಪರೇಟರ್ ಒಬ್ಬರಿಗೆ ಅರ್ಧ ಸಂಬಳ ಕೊಡೋಕೆ ಲಗ್ಗೆರೆಯ ಅವರ ಮನೆಗೆ ಹೋದೆ. ಒಂದೇ ರೂಮಿನ ಮನೆ. ಕಿಟಕಿ ಪಕ್ಕ ನೆಲದ ಮೇಲೆ ನಾಲ್ಕು ಗುರುತು ಇದ್ದವು. ಭಾರದ ವಸ್ತು ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದರೆ ರೆಡ್ ಆಕ್ಸೈಡ್ ನೆಲದಲ್ಲಿ ಬೀಳುತ್ತಲ್ಲ, ಅಂಥ ಗುರುತು. ಪಕ್ಕದಲ್ಲಿ ಬಣ್ಣಬಣ್ಣದ ದಾರದ ಚೂರುಗಳು. "ಇಲ್ಲಿ ಹೊಲಿಗೆ ಮೆಷಿನ್ ಇತ್ತಲ್ವಾ?" ಅಂತ ಕೇಳಿದೆ. ಅವರ ಹೆಂಡತಿ ಮೆಲ್ಲಗೆ ಹೇಳಿದರು, "ಅಡ ಇಟ್ಟಿದೀವಿ ಸಾರ್." ಆಕೆ ಅಕ್ಕಪಕ್ಕದವರಿಗೆ ಬ್ಲೌಸ್ ಹೊಲಿದು ಕೊಡುತ್ತಿದ್ದರು, ಸೀರೆಗೆ ಫಾಲ್ಸ್ ಹಾಕುತ್ತಿದ್ದರು. ನನ್ನ ತಡದಿಂದ ಒಂದು ಸಂಬಳ ನಿಂತಿತ್ತು. ಅದರಿಂದ ಮನೆಯ ಇನ್ನೊಂದು ದುಡಿಮೆಯೂ ನಿಂತಿತು.

ಅದೇ ತಿಂಗಳು ಚರ್ಚಿನ ಚಾವಣಿ ರಿಪೇರಿಗೆ ಹದಿನೈದು ಸಾವಿರದ ಚೆಕ್ ಕೊಟ್ಟಿದ್ದೆ. ಆರಾಧನೆ ಮುಗಿದ ಮೇಲೆ ನನ್ನ ಹೆಸರು ಓದಿದ್ದರು.

ಆ ರಾತ್ರಿ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೆದೆ. ಆರನೇ ವಚನದಲ್ಲಿ ಒಂದು ಕಾನೂನಿದೆ: ಬೀಸುವ ಕಲ್ಲನ್ನಾಗಲಿ, ಅದರ ಮೇಲಿನ ಕಲ್ಲನ್ನಾಗಲಿ ಯಾರೂ ಅಡವಾಗಿ ಇಟ್ಟುಕೊಳ್ಳಬಾರದು, ಹಾಗೆ ಮಾಡಿದರೆ ಒಬ್ಬರ ಜೀವವನ್ನೇ ಅಡ ಇಟ್ಟುಕೊಂಡ ಹಾಗೆ. ಅಲ್ಲಿಂದ ಒಂಬತ್ತು ವಚನ ಕೆಳಗೆ ಇನ್ನೊಂದು ಕಾನೂನು: ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡು, ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ಎರಡೂ ಕಡೆ ಮೂಲದ ಹೀಬ್ರೂ ಭಾಷೆಯಲ್ಲಿ ಇರುವುದು ಒಂದೇ ಪದ, ನೆಫೆಷ್. ಜೀವ, ಉಸಿರು. ಬೀಸುವ ಕಲ್ಲೂ ಜೀವ, ಸಂಜೆಯ ಕೂಲಿಯೂ ಜೀವ. ಎಷ್ಟೋ ಸಲ ಕ್ಲಾಸಿನಲ್ಲಿ ಓದಿಸಿದ್ದ ಅಧ್ಯಾಯ ಅದು. ನೆಲದ ಮೇಲಿನ ಆ ನಾಲ್ಕು ಗುರುತು ನೋಡಿದ ಮೇಲೆ ನನಗೆ ಅರ್ಥವಾಯಿತು.

ಕ್ರೈಸ್ತ ದೇವಶಾಸ್ತ್ರ ವ್ಯಾಪಾರದ ಬಗ್ಗೆ ಏನು ಹೇಳುತ್ತೆ ಅಂತ ಯಾರಾದರೂ ಕೇಳಿದರೆ ನಾವೆಲ್ಲ ಥಟ್ಟಂತ ದಾನದ ಮಾತು ಎತ್ತುತ್ತೇವೆ. ದಶಮಾಂಶ, ಅನಾಥಾಲಯ, ಕ್ರಿಸ್ಮಸ್ ಕಾಣಿಕೆ. ಆದರೆ ಬೈಬಲ್ ದಾನಕ್ಕೆ ಬರುವ ಮೊದಲೇ ಕೇಳುವ ಪ್ರಶ್ನೆಗಳು ಬೇರೆ. ನಿನ್ನ ತಕ್ಕಡಿ ಸರಿ ಇದೆಯಾ? ಕೂಲಿ ಯಾವಾಗ ಕೊಟ್ಟೆ? ಅಡವಾಗಿ ಏನು ಇಟ್ಟುಕೊಂಡೆ? ಕೊಡಬೇಕಾದ್ದು ಬೇರೆ, ಕೊಡುಗೆ ಬೇರೆ. ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇದನ್ನೇ.

ಜಕ್ಕಾಯನ ಕಥೆ ಭಾನುವಾರದ ಶಾಲೆಗೆ ಹೋದ ಪ್ರತಿ ಮಗುವಿಗೂ ಗೊತ್ತು. ಕುಳ್ಳ, ಯೆರಿಕೋ ಊರಿನ ಸುಂಕದವರ ಯಜಮಾನ, ಯೇಸುವನ್ನು ನೋಡೋಕೆ ಮರ ಹತ್ತಿದವನು. ಯೇಸು ಅವನ ಮನೆಗೆ ಹೋದ ಮೇಲೆ ಅವನು ಎರಡು ಮಾತು ಹೇಳುತ್ತಾನೆ. ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ಅವರಿಗೆ ನಾಲ್ಕರಷ್ಟು ವಾಪಸ್. ಗಮನಿಸಿ, ಇವು ಎರಡು ಲೆಕ್ಕ. ಅರ್ಧ ಆಸ್ತಿ ದಾನ ಮಾಡಿದೆನಲ್ಲ, ಹಳೆಯದೆಲ್ಲ ಅದರಲ್ಲೇ ವಜಾ ಆಯಿತು ಅಂತ ಅವನು ಹೇಳಲಿಲ್ಲ. ಮೋಸ ಹೋದವರಿಗೆ ಅವರವರ ದುಡ್ಡೇ ವಾಪಸ್ ಬರಬೇಕು. ನನ್ನ ಹದಿನೈದು ಸಾವಿರದ ಚೆಕ್ ನೆನೆಸಿಕೊಳ್ಳಿ. ಅದು ಲಗ್ಗೆರೆಯ ಆ ಮನೆಯ ದುಡ್ಡಾಗಿತ್ತು.

ಪ್ರವಾದಿಗಳಲ್ಲಿ ಆಮೋಸ ಈ ವಿಷಯದಲ್ಲಿ ಬಲು ಖಡಕ್. ಅವನು ತೆಕೋವ ಊರಿನ ಕುರಿಗಾಹಿ. ಅವನ ಎಂಟನೇ ಅಧ್ಯಾಯದಲ್ಲಿ ಬರುವ ವ್ಯಾಪಾರಿಗಳು ಭಕ್ತರೇ. ವಾರದ ವಿಶ್ರಾಂತಿಯ ಸಬ್ಬತ್ ದಿನ ಅಂಗಡಿ ಮುಚ್ಚುತ್ತಾರೆ. ಆದರೆ ಒಳಗೊಳಗೆ, ಈ ಹಬ್ಬ ಯಾವಾಗ ಮುಗಿಯುತ್ತೋ, ಯಾವಾಗ ಧಾನ್ಯದ ಕೊಟ್ಟಿಗೆ ತೆಗೆಯುತ್ತೇವೋ ಅಂತ ಚಡಪಡಿಸುತ್ತಾರೆ. ಅಳೆಯುವ ಏಫಾ ಚಿಕ್ಕದು, ದುಡ್ಡು ತೂಗುವ ಶೆಕೆಲ್ ದೊಡ್ಡದು. ಗೋಧಿ ಜೊತೆ ಹೊಟ್ಟನ್ನೂ ಮಾರುತ್ತಾರೆ. ಇವತ್ತು ಪ್ಯಾಕೆಟ್ ಬೆಲೆ ಹಾಗೇ ಇಟ್ಟು ಒಳಗಿನ ಗ್ರಾಂ ಇಳಿಸುತ್ತಾರಲ್ಲ, ಏಫಾ ಚಿಕ್ಕದು ಮಾಡೋದು ಅಂದರೆ ಅದೇ. ತೂಕ ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತೆ, ಕಾನೂನಿಗೆ ಅಷ್ಟು ಸಾಕಾಗಬಹುದು. ಆಮೋಸನಿಗೆ ಸಾಕಾಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಕಾನೂನು ಮತ್ತು ಒಳ್ಳೆಯತನದ ನಡುವಿನ ಈ ಜಾಗವನ್ನು ಚೆನ್ನಾಗಿ ಬಿಡಿಸಿ ನೋಡಿದವರು 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್. ಅವರು ಒಂದು ಪ್ರಶ್ನೆ ಎತ್ತಿಕೊಳ್ಳುತ್ತಾರೆ. ಒಂದೂರಲ್ಲಿ ಧಾನ್ಯಕ್ಕೆ ಬರ. ಒಬ್ಬ ವ್ಯಾಪಾರಿ ಮೂಟೆ ಹೊತ್ತು ಬಂದಿದ್ದಾನೆ, ಒಳ್ಳೇ ಬೆಲೆ ಸಿಗುತ್ತೆ. ಹಿಂದೆಯೇ ಇನ್ನೂ ಜನ ಧಾನ್ಯ ತರುತ್ತಿದ್ದಾರೆ ಅನ್ನೋದು ಅವನಿಗೊಬ್ಬನಿಗೇ ಗೊತ್ತು. ಅದನ್ನು ಊರವರಿಗೆ ಹೇಳಬೇಕಾ? ನಮ್ಮ ಯಶವಂತಪುರ ಎಪಿಎಂಸಿಯಲ್ಲಿ ಈರುಳ್ಳಿ ಲಾರಿ ಇಳಿಸುವವರಿಗೆ ಇದು ಹೊಸ ಪ್ರಶ್ನೆ ಏನಲ್ಲ! ಹೇಳದೆ ಈಗಿನ ಬೆಲೆಗೇ ಮಾರಿದರೆ ನ್ಯಾಯ ತಪ್ಪಿದ ಹಾಗಲ್ಲ ಅನ್ನುತ್ತಾರೆ ಅಕ್ವಿನಾಸ್. ಆದರೆ ಹೇಳಿದರೆ, ಇಲ್ಲಾ ಬೆಲೆ ಇಳಿಸಿದರೆ, ಅದು ಹೆಚ್ಚಿನ ಸದ್ಗುಣ. ಮಾಲಿನಲ್ಲೇ ಕಣ್ಣಿಗೆ ಕಾಣದ ದೋಷ ಇದ್ದರೆ ಮಾತ್ರ ಅವರು ಬಿಡೋದಿಲ್ಲ, ಹೇಳಲೇಬೇಕು. ಕುದುರೆಗೆ ಒಂದೇ ಕಣ್ಣಿದ್ದರೆ ಕೊಳ್ಳುವವನಿಗೆ ಕಾಣುತ್ತೆ, ಬಾಯಿಬಿಟ್ಟು ಹೇಳದಿದ್ದರೂ ನಡೆಯುತ್ತೆ. ಆದರೆ ಬೆಲೆ ಅದಕ್ಕೆ ತಕ್ಕಂತೆ ಇಳಿದಿರಬೇಕು. ನಾನು ಈ ಭಾಗ ಮೊದಲು ಓದಿದಾಗ, ಒಳಗೆ ಸಣ್ಣ ಬಿರುಕಿದ್ದ ಕಾಸ್ಟಿಂಗ್‌ಗಳು ನೆನಪಾದವು. ಮೆಷಿನ್ ಮಾಡಿ ಪೇಂಟ್ ಹೊಡೆದರೆ ಯಾರಿಗೂ ಕಾಣಲ್ಲ. ನಮ್ಮ ಕೆಲಸದವರು ಒಬ್ಬರಿಗೊಬ್ಬರು ಕಣ್ಣಲ್ಲೇ ಕೇಳಿಕೊಳ್ಳುವ ಕ್ಷಣ ಅದು. ಅಂಥ ಹೊತ್ತಲ್ಲಿ ಅವರು ನೋಡುವುದು ಮಾಲೀಕನ ಮುಖವನ್ನು.

ಬಡ್ಡಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದಕ್ಕೇ ಬೇರೆ ಸಂಜೆ ಬೇಕು. ಮಧ್ಯಯುಗದ ಚರ್ಚ್ ಬಡ್ಡಿಗೆ ಕಡು ವಿರೋಧಿ. 1179ರ ಲ್ಯಾಟರನ್ ಮಹಾಸಭೆ ಕುಖ್ಯಾತ ಬಡ್ಡಿ ವ್ಯಾಪಾರಿಗಳಿಗೆ ಪ್ರಭುಭೋಜನವೂ ಇಲ್ಲ, ಕ್ರೈಸ್ತ ಸಮಾಧಿಯೂ ಇಲ್ಲ ಅಂದಿತು. ಬರೀ ಬೈದರೆ ಬಡವನಿಗೆ ಸಾಲ ಹುಟ್ಟುತ್ತಾ? 15ನೇ ಶತಮಾನದಲ್ಲಿ ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿಗಳು ತಾವೇ ಅಡವಿನ ಅಂಗಡಿ ತೆಗೆಸಿದರು. ಖರ್ಚಿಗೆ ಆಗುವಷ್ಟು ಸಣ್ಣ ಮೊತ್ತ ಮಾತ್ರ ತೆಗೆದುಕೊಳ್ಳುವ ಅಂಗಡಿ. ಪ್ರಾಟೆಸ್ಟೆಂಟ್ ಸುಧಾರಕ ಕಾಲ್ವಿನ್ 16ನೇ ಶತಮಾನದಲ್ಲಿ ವ್ಯಾಪಾರದ ಸಾಲಕ್ಕೆ ಬಡ್ಡಿ ಒಪ್ಪಿಕೊಂಡರು, ಬಡವನಿಂದ ಮಾತ್ರ ಬೇಡ ಅಂದರು. ನಮ್ಮಲ್ಲಿ ಮೀಟರ್ ಬಡ್ಡಿಗೆ, ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಜನ ಊರು ಬಿಟ್ಟರು, ಜೀವ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯೋಕೆ ಸುಗ್ರೀವಾಜ್ಞೆ ತರಬೇಕಾಯಿತು. ಬೀಸುವ ಕಲ್ಲಿನ ಕಾನೂನು ಅಷ್ಟೊಂದು ಹಳೆಯದೇನೂ ಅಲ್ಲ ಅಲ್ವಾ?

ಇಲ್ಲಿ ಹತ್ತಿರದಲ್ಲೇ ವೆಸ್ಲಿಯನ್ ಮಿಷನ್ ಕಾಲದ ಹಡ್ಸನ್ ಚರ್ಚ್ ಇದೆ. ಆ ಮಿಷನ್ನಿನ ಹೆಸರಿನ ಹಿಂದಿರುವ ಜಾನ್ ವೆಸ್ಲಿ ದುಡ್ಡಿನ ಬಗ್ಗೆ ಕೊಟ್ಟ ಪ್ರಸಂಗದ ಮೂರು ಮಾತು ಎಲ್ಲರ ಬಾಯಲ್ಲೂ ಇದೆ: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮೊದಲನೇ ಮಾತಿಗೆ ಅವರು ಹಾಕಿದ ಕಟ್ಟುಪಾಡು ಯಾರಿಗೂ ನೆನಪಿಲ್ಲ. ನಿನ್ನ ಆರೋಗ್ಯ ಹಾಳುಮಾಡಿಕೊಂಡು ಗಳಿಸಬೇಡ. ನೆರೆಯವನ ವ್ಯಾಪಾರ ಮುಳುಗಿಸೋಕೆ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಮಾರಬೇಡ. ಅವನಿಗೆ ಬೇಕಾದ ಕೆಲಸಗಾರರನ್ನು ಆಸೆ ತೋರಿಸಿ ಎಳೆದುಕೊಳ್ಳಬೇಡ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹೇಳಿದ್ದು ಇದು. ಕೆಲವೇ ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳ ರಿಯಾಯಿತಿ ಎದುರು ಕೂತಿರುವ ನಮ್ಮ ಬೀದಿಯ ದಿನಸಿ ಅಂಗಡಿಯವರಿಗೆ ಓದಿ ಹೇಳಿದರೆ, ಇದನ್ನು ನೆನ್ನೆ ಬರೆದಿದ್ದಾರಾ ಅಂತ ಕೇಳಿಯಾರು. ದೇವರು ಆಶೀರ್ವದಿಸಿದವನು ಶ್ರೀಮಂತ ಆಗೇ ಆಗುತ್ತಾನೆ ಅಂತ ಈ ನಗರದಲ್ಲೂ ಜೋರಾಗಿ ಸಾರುವವರಿದ್ದಾರೆ. ನನಗೆ ಅದರಿಂದ ನೋವಾಗುತ್ತೆ. ಆ ಮಾತು ಕೇಳಿದ ಬಡವ, ತನ್ನ ಬಡತನಕ್ಕೆ ತನ್ನ ನಂಬಿಕೆಯೇ ಸಾಲದು ಅಂದುಕೊಂಡು ಮನೆಗೆ ಹೋಗುತ್ತಾನೆ. ಅವನ ಕೂಲಿ ಹಿಡಿದಿಟ್ಟುಕೊಂಡವನು ಮುಂದಿನ ಸಾಲಿನಲ್ಲೇ ಕೂತಿರಬಹುದು.

ಈಗ ಈ ಮಾತಿನ ಕಷ್ಟದ ಭಾಗಕ್ಕೆ ಬರುತ್ತೇನೆ. "ಅವನೇ ಒಪ್ಪಿಕೊಂಡು ಬಂದಿದ್ದಲ್ವಾ?" ಈ ಪ್ರಶ್ನೆ ನಾನೂ ಕೇಳಿದ್ದೇನೆ, ಇಲ್ಲಿರುವ ಎಷ್ಟೋ ಜನ ಕೇಳಿರುತ್ತೀರಿ. ಇಷ್ಟು ಸಂಬಳ ಅಂದೆವು, ಸಹಿ ಹಾಕಿದ, ಇನ್ನೇನು? 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ಸುತ್ತೋಲೆ, ರೇರುಮ್ ನೊವಾರುಮ್, ಇದಕ್ಕೇ ಉತ್ತರ ಕೊಟ್ಟಿತು. ಒಪ್ಪಂದಕ್ಕಿಂತ ಹಳೆಯದಾದ, ದೊಡ್ಡದಾದ ಒಂದು ನ್ಯಾಯ ಇದೆ: ಮಿತವಾಗಿ ಬಾಳುವ ಕಾರ್ಮಿಕನ ಹೊಟ್ಟೆಬಟ್ಟೆಗೆ ಕೂಲಿ ಸಾಲಬೇಕು. ಬೇರೆ ದಾರಿ ಇಲ್ಲದೆ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಒಪ್ಪಿಕೊಂಡರೆ ಅದು ಒಪ್ಪಿಗೆ ಅಲ್ಲ, ಬಲವಂತ. ಬೆಳಿಗ್ಗೆ ಏಳಕ್ಕೆ ನಮ್ಮ ಸರ್ಕಲ್‌ಗಳಲ್ಲಿ ಬುತ್ತಿ ಹಿಡಿದು ನಿಂತ ಗಾರೆ ಕೆಲಸದವರನ್ನು ನೋಡಿ. ಹತ್ತು ಗಂಟೆಯಾದರೂ ಯಾರೂ ಕರೆಯದಿದ್ದರೆ ಅವರು ಯಾವ ಕೂಲಿಗೂ "ಆಯ್ತು" ಅನ್ನುತ್ತಾರೆ. ಆ "ಆಯ್ತು" ಅನ್ನೋದನ್ನು ಒಪ್ಪಿಗೆ ಅಂತ ಬರೆದುಕೊಳ್ಳಬಹುದಾ?

ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲಿ, ಅಂದರೆ ನೀತಿಕಥೆಯಲ್ಲಿ, ಇವರೇ ಇದ್ದಾರೆ. ಸಂಜೆ ಐದಕ್ಕೂ ಪೇಟೆಯಲ್ಲಿ ನಿಂತವರನ್ನು ಯಜಮಾನ ಕೇಳುತ್ತಾನೆ, ಯಾಕೆ ಸುಮ್ನೆ ನಿಂತಿದ್ದೀರಿ? "ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ." ಒಂದು ಗಂಟೆ ದುಡಿದವರಿಗೂ ದಿನದ ಪೂರ್ತಿ ಕೂಲಿ ಸಿಗುತ್ತೆ, ಒಂದು ದಿನಾರಿ. ಪ್ರಸಂಗಗಳಲ್ಲಿ ಇದನ್ನು ಪರಲೋಕದ ಕೃಪೆಯ ಕಥೆ ಅಂತ ಹೇಳುತ್ತಾರೆ. ಅದು ಸರಿಯೇ. ಆದರೆ ಕೃಪೆಯ ಕಥೆಗೆ ಯೇಸು ಆರಿಸಿಕೊಂಡಿದ್ದು ಬಟವಾಡೆಯ ಸಾಲನ್ನು. ಮತ್ತು ತನ್ನ ಸುವಾರ್ತೆಯಲ್ಲಿ ಮತ್ತಾಯನು ಮರೆಯದೆ ಬರೆದಿದ್ದಾನೆ: ಸಂಜೆಯಾದಾಗ ಯಜಮಾನ ತನ್ನ ಪಾರುಪತ್ಯಗಾರನಿಗೆ, ಅವರನ್ನು ಕರೆದು ಕೂಲಿ ಕೊಡು ಅಂದ. ಧರ್ಮೋಪದೇಶಕಾಂಡದ ಸಂಜೆ ಅದು.

ಸರಿ, ನಾನು ಹನ್ನೊಂದು ಜನರಿಗೆ ನೇರವಾಗಿ ಸಂಬಳ ಕೊಡುತ್ತಿದ್ದವನು. ತಪ್ಪಿದರೆ ಅದು ಕಾಣುತ್ತೆ. ಆದರೆ ನಿಮ್ಮಲ್ಲಿ ಜಾಸ್ತಿ ಜನ ದೊಡ್ಡ ಕಂಪನಿಗಳಲ್ಲಿದ್ದೀರಿ. ನಿಮ್ಮ ಆಫೀಸಿನ ಟಾಯ್ಲೆಟ್ ತೊಳೆಯುವವರು ನಿಮ್ಮ ಕಂಪನಿಯ ನೌಕರರಲ್ಲ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಹನ್ನೆರಡು ಗಂಟೆ ಪಾಳಿ ನಿಲ್ಲುವವರು ಏಜೆನ್ಸಿಯವರು. ಅವರಿಗೆ ಸಂಬಳ ತಡವಾದರೆ ಅದು ಏಜೆನ್ಸಿಯ ವಿಷಯ, ನಮ್ಮದಲ್ಲ. ಹೀಗೆ ಹೇಳೋಕೆ ಎಷ್ಟು ಹಗುರ! 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ದುಡಿಮೆಯ ಬಗ್ಗೆ ಬರೆದ ಸುತ್ತೋಲೆಯಲ್ಲಿ "ಪರೋಕ್ಷ ಮಾಲೀಕ" ಅನ್ನೋ ಮಾತು ಬಳಸಿದರು. ಕೆಲಸಗಾರನ ಜೊತೆ ಒಪ್ಪಂದ ಮಾಡಿಕೊಂಡವನು ನೇರ ಮಾಲೀಕ. ಆ ಒಪ್ಪಂದ ಹೀಗೇ ಇರಬೇಕಾಗುವಂತೆ ಮಾಡುವ ಎಲ್ಲರೂ, ಸರ್ಕಾರದಿಂದ ಹಿಡಿದು ದೊಡ್ಡ ಕಂಪನಿಗಳವರೆಗೆ, ಪರೋಕ್ಷ ಮಾಲೀಕರು. ಅವರಿಗೂ ಹೊಣೆ ಇದೆ.

ಈ ಎರಡು ಪದ ನನ್ನ ಏಳು ತಿಂಗಳನ್ನು ಪೂರ್ತಿ ಬಿಡಿಸಿ ತೋರಿಸಿತು. ಬಿಲ್ ತಡೆದ ಆ ಕಂಪನಿಯ ಅಕೌಂಟ್ಸ್ ಮನುಷ್ಯನಿಗೆ ಲಗ್ಗೆರೆಯ ಹೊಲಿಗೆ ಮೆಷಿನ್ ಗೊತ್ತಿಲ್ಲ. ಅವನ ಮಟ್ಟಿಗೆ ಅದು ಒಂದು ಇನ್ವಾಯ್ಸ್. ಆದರೂ ಆ ಮೆಷಿನ್ ಅಡವಿಗೆ ಹೋದದ್ದರಲ್ಲಿ ಅವನ ಕೈಯೂ ಇತ್ತು, ನನ್ನ ಕೈಯೂ ಇತ್ತು. 2006ರ ಕಾನೂನಿನ ಪ್ರಕಾರ ಸಣ್ಣ ಉದ್ದಿಮೆಯವರ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ, ಹಾಗೆ ತಡೆದ ಮೊತ್ತವನ್ನು ಕೊಡುವ ತನಕ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಕಾನೂನು ಗಟ್ಟಿಯಾಗಿದೆ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಸಿಗಲ್ಲ ಅನ್ನೋ ಹೆದರಿಕೆ ಅದಕ್ಕಿಂತ ಗಟ್ಟಿ. ನಾನೂ ಹೆದರಿದೆ, ದೂರು ಕೊಡಲಿಲ್ಲ. ಬೈಬಲಿನಲ್ಲಿ ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿ ಒಂದು ಮಾತಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತೆ. ಹೆದರಿ ಬಾಯಿಮುಚ್ಚಿಕೊಂಡವರ ಪರವಾಗಿ ಆ ದುಡ್ಡೇ ಕೂಗುತ್ತೆ ಅಂತ ನಾನು ಅದನ್ನು ಓದುತ್ತೇನೆ.

ಕ್ರೈಸ್ತರೇ ಮಾಲೀಕರಾದರೆ ಎಲ್ಲ ಸರಿಹೋಗುತ್ತಾ? ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರಿಗೆ ಮನೆಯವರ ಬೆಂಬಲ, ಕುಲದ ಕಸುಬು ಎರಡೂ ತಪ್ಪಿದವು. ಬರೀ ಪ್ರಾರ್ಥನೆ ಮಾಡಿ ಅಂದರೆ ಹೊಟ್ಟೆ ತುಂಬುತ್ತಾ? ಅದಕ್ಕೇ ನೇಯ್ಗೆ ಶುರುವಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆಗೆದರು. ನಮ್ಮ ಹಳೇ ಬೆಂಗಳೂರಿನ ಮನೆಗಳ ಮೇಲೂ ಕೂತ ಮಂಗಳೂರು ಹೆಂಚಿನ ಮೂಲ ಅದು. ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಟ್ಟಿದ್ದು ನನ್ನ ಮಟ್ಟಿಗೆ ದೊಡ್ಡ ಸುವಾರ್ತೆ. ಒಂದು ಅಳುಕೂ ಇದೆ. ಚರ್ಚಿನ ಗಂಟೆ ಹೊಡೆಯುವವರು, ಕಾರ್ಖಾನೆಯ ಗಂಟೆ ಹೊಡೆಯುವವರು ಒಂದೇ ಕಡೆಯವರಾದರೆ, ಸಂಬಳದ ಬಗ್ಗೆ ದೂರಿದ್ದವನು ಯಾರ ಹತ್ತಿರ ಹೋಗಬೇಕು? ಧಣಿಯೇ ಗುರುವೂ ಆದಾಗ ಕೆಲಸಗಾರನಿಗೆ ಇನ್ನೊಂದು ಬಾಗಿಲು ಇರೋದಿಲ್ಲ. ಚರ್ಚ್ ನಡೆಸುವ ಇವತ್ತಿನ ಶಾಲೆ, ಆಸ್ಪತ್ರೆಗಳಿಗೂ ನಾನು ಇದೇ ಪ್ರಶ್ನೆ ಕೇಳುತ್ತೇನೆ. ಅಲ್ಲಿನ ಆಯಾಗಳಿಗೆ ಸಂಬಳ ಎಷ್ಟು, ಯಾವ ತಾರೀಕಿಗೆ?

ಕೊನೆಗೆ ಹಕ್ಕಲಿನ ಮಾತು. ಯಾಜಕಕಾಂಡದ 19ರಲ್ಲಿ ಹೇಳಿದೆ: ಬೆಳೆ ಕೊಯ್ಯುವಾಗ ಹೊಲದ ಮೂಲೆ ಮೂಲೆಗಳನ್ನೂ ಕೊಯ್ಯಬೇಡ, ಉದುರಿದ ತೆನೆ ಆಯಬೇಡ, ಅದು ಬಡವರಿಗೆ ಮತ್ತು ಪರದೇಶದವರಿಗೆ. ಮೋವಾಬಿನಿಂದ ಬಂದ ವಿಧವೆ ರೂತಳು ಹೀಗೆ ಹಕ್ಕಲಾಯ್ದೇ ಅತ್ತೆಯನ್ನು ಸಾಕಿದಳು. ಇದು ಭಿಕ್ಷೆ ಅಲ್ಲ, ಆಕೆಯ ಹಕ್ಕು. ಮಾಲೀಕ ಮಾಡಬೇಕಾದ್ದು ಒಂದೇ, ಬಾಚಿ ಬಳಿದುಕೊಳ್ಳದೆ ಬಿಡೋದು. ಕನ್ನಡದವರಿಗೆ ಇದನ್ನು ಹೇಳುವಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರುತ್ತಾ? ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ವಾಪಸ್ ಸುರಿದು ಬಾ ಅಂದವಳು ಅವಳು. ಮರುಭೂಮಿಯಲ್ಲಿ ಇಸ್ರಾಯೇಲರು ನಾಳೆಗೆ ಅಂತ ಎತ್ತಿಟ್ಟ ಮನ್ನಾ, ದೇವರು ದಿನದಿನಕ್ಕೆ ಕೊಟ್ಟ ಆಹಾರ, ಬೆಳಗಾಗುವಷ್ಟರಲ್ಲಿ ಹುಳ ಬಿದ್ದಿತ್ತು. ಎರಡು ಕಥೆಗಳ ನಂಬಿಕೆ ಬೇರೆ ಬೇರೆ, ಅದನ್ನು ಕಲಸಿ ಹೇಳೋಕೆ ನನಗೆ ಇಷ್ಟ ಇಲ್ಲ. ಆದರೆ ನನ್ನ ಅಜ್ಜಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ ಅಜ್ಜಿ, ಎರಡನ್ನೂ ಒಂದೇ ಜಗಲಿಯ ಮೇಲೆ ಕೂತು ನನಗೆ ಹೇಳಿದ್ದರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿಂದ ಒಬ್ಬರು ಎದ್ದರು. ರಾಜಾಜಿನಗರದಲ್ಲಿ ಸಣ್ಣ ಪ್ರೆಸ್ ಇಟ್ಟವರು. "ಎಲ್ಲಾ ಸರಿ ಸಾರ್. ನಮಗೆ ಬರಬೇಕಾದ್ದೇ ಬಂದಿಲ್ಲ ಅಂದ್ರೆ, ನಾವು ಎಲ್ಲಿಂದ ತಂದು ಕೊಡೋದು?"

ಈ ಪ್ರಶ್ನೆಗೆ ವಚನ ಓದಿ ಉತ್ತರ ಕೊಡೋಕಾಗಲ್ಲ. ನಾನು ಮಾಡಿದ್ದನ್ನು ಹೇಳಿದೆ. ಲಗ್ಗೆರೆಗೆ ಹೋದ ಮರುವಾರ ಒಂದು ಮಿಲ್ಲಿಂಗ್ ಮೆಷಿನ್ ಮಾರಿದೆ. ಬಂದ ದುಡ್ಡಿನಲ್ಲಿ ಬಾಕಿ ಸಂಬಳ ಕೊಟ್ಟೆ. ಹೊಲಿಗೆ ಮೆಷಿನ್ ಬಿಡಿಸಿದೆವು, ಅದರ ಬಡ್ಡಿ ನಾನು ಕಟ್ಟಿದೆ. ಉಳಿದದ್ದನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಹಾಕಿದೆ. ಎರಡು ತಿಂಗಳ ಬಟವಾಡೆ ಆ ಖಾತೆಯಲ್ಲಿ ಸದಾ ಇರಬೇಕು, ಕಬ್ಬಿಣ ಕೊಳ್ಳೋಕೂ ಅದನ್ನು ಮುಟ್ಟಬಾರದು ಅಂತ ಹೆಂಡತಿ ಮತ್ತು ನಾನು ಮಾತಾಡಿಕೊಂಡೆವು. ಆ ದೊಡ್ಡ ಕಂಪನಿಯ ಆರ್ಡರ್ ಬಿಟ್ಟೆವು. ಎರಡು ವರ್ಷ ತುಂಬಾ ಕಷ್ಟ ಆಯಿತು. ಶಾಪು ಮತ್ತೆ ಆ ಹಳೇ ಗಾತ್ರಕ್ಕೆ ಬರಲೇ ಇಲ್ಲ. ಏಳನೇ ತಾರೀಕು ಭಾನುವಾರ ಬಿದ್ದರೆ ಶನಿವಾರ ಸಂಜೆಯೇ ಕವರ್ ಕೊಡುತ್ತಿದ್ದೆವು.